ಲಂಡನ್ ನಗರದ ಕೇರಿಯ ಪಬ್ಬುಗಳು

ಇಂಗ್ಲಿಷ್ ಸಾಹಿತ್ಯವನ್ನು ಕನ್ನಡದಲ್ಲಿ ವಿವರಿಸಹೊರಟ ಉಪಾಧ್ಯಾಯರಿಗೂ ಭಾಷಾಂತರಕಾರರಿಗೂ ಎದುರಾಗುವ ತೊಡಕೊಂದುಂಟು. ಚಾಸರನ ಯಾತ್ರಿಕರು ಕೂಡುವ ಇನ್, ಷೇಕ್ಸ್‌ಪಿಯರನ ಫಾಲ್‌ಸ್ಟಾಫನು ಕಾಲ ಕಳೆಯುವ ಟ್ಯಾವರ್ನ್, ಬಡ ಕೂಲಿಕಾರರು ನೆರೆಯುವ ಏಲ್‌ಹೌಸ್, ಡಿಕನ್ಸನ ಕಾದಂಬರಿಗಳಲ್ಲಿ ಬರುವ ಪಬ್ಲಿಕ್ ಹೌಸ್ ಈ ನಾಲ್ಕನ್ನೂ ‘ಹೆಂಡದಂಗಡಿ’ ಎಂಬ ಒಂದೇ ಮಾತಿನಲ್ಲಿ ಅಡಕಮಾಡಿಬಿಡುವುದು ಸುಲಭ. ಆದರೆ ಮೂಲದಲ್ಲಿ ಇವು ನಾಲ್ಕು ಬೇರೆ ಬೇರೆ ಸ್ಥಳಗಳು. ಪಾತ್ರವೊಂದು ಯಾವ ಬಾಗಿಲನ್ನು ಹೊಕ್ಕಿತೆಂಬುದರಿಂದಲೇ ಅದರ ಅಂತಸ್ತು, ಕಾಲ, ನೆರೆಹೊರೆ ಇವೆಲ್ಲವೂ ಅಲ್ಲಿಯ ಓದುಗನಿಗೆ ವಿದಿತವಾಗುತ್ತವೆ. ಆ ಸೂಚನೆ ನಮ್ಮ ವಿದ್ಯಾರ್ಥಿಗಳಿಗೂ ಲಭಿಸಲೆಂಬ ಉದ್ದೇಶದಿಂದ ಲಂಡನ್ ನಗರದ ಪಬ್ಬುಗಳ ಉತ್ಪತ್ತಿ, ರಚನೆ, ನಡಾವಳಿಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ನಮ್ಮ ಭಾಷೆಯಲ್ಲಿ ಪಾನವಿಷಯಕವಾದ ಮಾತುಗಳಿಗೇನೂ ಬಡತನವಿಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪಭಾರತದಲ್ಲಿ ಅರ್ಜುನನು ದ್ವಾರಾವತಿಯ ಸೂಳೆಗೇರಿಯಲ್ಲಿ ಕಾಣುವ ಪಾನಗೋಷ್ಠಿ ಸುಪ್ರಸಿದ್ಧವಾದುದು. ಶಿವಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನುಂಟು. ಇಪ್ಪತ್ತನೆಯ ಶತಮಾನದಲ್ಲಿ ರಾಜರತ್ನಂ ಅವರು ಕುಡುಕ ರತ್ನನ ಬಾಯಲ್ಲಿ ಪದಗಳನ್ನು ಹಾಡಿಸಿದರು. ಆದರೂ ಸ್ಥಳವಾಚಕಗಳಾದ ಪಡಖಾನೆ, ಗಡಂಗು, ಸೆರೆಯಂಗಡಿ ಎಂಬಿವು ಮುಖ್ಯವಾಗಿ ಮಾರಾಟದ ಎಡೆಯನ್ನೇ ಸೂಚಿಸತಕ್ಕವು. ಪಬ್ಬಾದರೋ ಹೆಸರಿನಲ್ಲಿಯೇ ‘ಮನೆ’. ಪಬ್ಲಿಕ್ ಹೌಸ್ ಎಂದರೆ ಸರ್ವರಿಗೂ ತೆರೆದ ಮನೆ. ಅದರ ಹ್ರಸ್ವರೂಪವೇ ಪಬ್. ಈ ‘ಮನೆತನ’ವನ್ನು ಮರೆತರೆ ಪಬ್ಬಿನ ಅರ್ಥವೇ ಜಾರಿಹೋಗುವುದು.

ಮೊದಲು ಪ್ರಾಚೀನವಾದ ಮೂರು ಭೇದಗಳನ್ನು ಗಮನಿಸೋಣ. ಇನ್ ಎಂಬುದು ಪ್ರಯಾಣಿಕರ ತಂಗುಮನೆ. ಹಣ ತೆತ್ತವನಿಗೆ ಊಟ, ಹಾಸಿಗೆ, ಅವನ ಕುದುರೆಗೆ ಲಾಯ ಇಲ್ಲಿ ದೊರೆಯುತ್ತಿದ್ದವು. ಟ್ಯಾವರ್ನ್ ಎಂಬುದು ದ್ರಾಕ್ಷಾಮದ್ಯವನ್ನು ಮಾರುವ ಸ್ಥಳ. ದ್ರಾಕ್ಷಾಮದ್ಯವು ಹೊರದೇಶಗಳಿಂದ ಬರತಕ್ಕ ಬೆಲೆಯುಳ್ಳ ಪದಾರ್ಥವಾದ್ದರಿಂದ ಅಲ್ಲಿಗೆ ಬರುವವರು ಸಾಮಾನ್ಯವಾಗಿ ಉಳ್ಳವರು. ಏಲ್‌ಹೌಸ್ ಎಂಬುದು ಮೊಳೆಯಿಸಿದ ಬಾರ್ಲಿಯಿಂದ ಮನೆಯಲ್ಲಿಯೇ ಕಾಸಿ ಹುಳಿಯಿಸಿದ ಏಲನ್ನು ಮಾರುವ ಬಡವರ ಮನೆ. ಬಹುಕಾಲ ಈ ಕಸುಬು ಹೆಂಗಸರ ಕೈಯಲ್ಲಿಯೇ ಹೆಚ್ಚಾಗಿ ಇದ್ದಿತು. ಹಾಪ್ಸ್ ಎಂಬ ಕಹಿಹೂವನ್ನು ಹಾಕಿ ಮಾಡುವ ಬಿಯರು ಸಮುದ್ರದಾಚೆಯ ತಗ್ಗುನಾಡುಗಳಿಂದ ಆಮೇಲೆ ಬಂದುದು.

ರಾಜಶಾಸನವೂ ಈ ಭೇದವನ್ನು ಎತ್ತಿಹಿಡಿಯಿತು. ೧೫೫೨ರ ಶಾಸನವು ಏಲ್‌ಹೌಸುಗಳಿಗೆ ನ್ಯಾಯಾಧಿಕಾರಿಗಳ ಪರವಾನಗಿಯನ್ನು ಕಡ್ಡಾಯಮಾಡಿತು. ಮರುವರ್ಷದ ಶಾಸನವು ಟ್ಯಾವರ್ನುಗಳಿಗೆ ಊರಿಗಿಷ್ಟೆಂದು ಮಿತಿಯನ್ನಿಟ್ಟು ಲಂಡನ್ನಿಗೆ ೪೦ನ್ನು ನಿಗದಿಮಾಡಿತು. ೧೫೭೭ರಲ್ಲಿ ಸರಕಾರವು ಲೆಕ್ಕ ತೆಗೆಯಿಸಿದಾಗಲೂ ಈ ಮೂರನ್ನೂ ಬೇರೆ ಬೇರೆಯಾಗಿಯೇ ಎಣಿಸಲಾಯಿತು.

ಈ ಹಿನ್ನೆಲೆಯಲ್ಲಿ ಕಾವ್ಯನಾಟಕಗಳನ್ನು ಓದಿದರೆ ಎಷ್ಟೋ ಅಂಶಗಳು ಸ್ಪಷ್ಟವಾಗುತ್ತವೆ. ಚಾಸರನ ಯಾತ್ರಿಕರು ಥೇಮ್ಸ್ ನದಿಯ ದಕ್ಷಿಣದಡದ ಸದರ್ಕಿನಲ್ಲಿದ್ದ ಟ್ಯಾಬರ್ಡ್ ಎಂಬ ಇನ್ನಿನಲ್ಲಿ ಕೂಡುವುದು ಆಕಸ್ಮಿಕವಲ್ಲ. ಕ್ಯಾಂಟರ್‌ಬರಿಯ ದಾರಿ ಅಲ್ಲಿಂದ ಹೊರಡುತ್ತಿದ್ದಿತು. ಸರದಾರನೂ ಗಿರಣಿಗಾರನೂ ಸನ್ಯಾಸಿನಿಯೂ ಒಂದೇ ಸೂರಿನಡಿಯಲ್ಲಿ ಸೇರಬಹುದಾಗಿದ್ದುದು ಇನ್ನಿನಲ್ಲಿಯೇ ಹೊರತು ಏಲ್‌ಹೌಸಿನಲ್ಲಲ್ಲ. ಕಥಾಸ್ಪರ್ಧೆಯನ್ನು ಸೂಚಿಸಿ, ಗೆದ್ದವನಿಗೆ ಉಳಿದವರ ಖರ್ಚಿನಲ್ಲಿ ತನ್ನ ಇನ್ನಿನಲ್ಲಿಯೇ ಊಟವೆಂದು ಸಾರುವ ಯಜಮಾನನು ವ್ಯಾಪಾರವನ್ನೂ ಬಲ್ಲವನು! ಇನ್ನು ರಾಜಕುಮಾರ ಹ್ಯಾಲನು ಫಾಲ್‌ಸ್ಟಾಫನೊಡನೆ ಕೂಡುವುದು ಈಸ್ಟ್‌ಚೀಪಿನ ಟ್ಯಾವರ್ನಿನಲ್ಲಿ. ಅಲ್ಲಿ ಫಾಲ್‌ಸ್ಟಾಫನು ಕುಡಿಯುವುದು ಸ್ಪೇನ್ ಕಡೆಯ ‘ಸ್ಯಾಕ್’ ಎಂಬ ದ್ರಾಕ್ಷಾಮದ್ಯ. ಸಾಲದಲ್ಲಿ ಮುಳುಗಿದವನು ಇಂತಹ ಬೆಲೆಯ ಪಾನವನ್ನು ಅನ್ಯರ ಹಣದಲ್ಲಿ ಸೇವಿಸುವನೆಂಬುದೇ ಹಾಸ್ಯದ ಬೇರು. ‘ಹೆಂಡದಂಗಡಿಯಲ್ಲಿ ಹೆಂಡ ಕುಡಿದನು’ ಎಂದು ಅನುವಾದಿಸಿದರೆ ಈ ಹಾಸ್ಯವು ಬೇರುಸಹಿತ ಕಿತ್ತುಹೋಗುವುದು.

ಪಬ್ಬುಗಳ ವಿಚಿತ್ರವಾದ ಹೆಸರುಗಳಿಗೂ ಕಾರಣವುಂಟು. ಎರಡನೆಯ ರಿಚರ್ಡ್ ದೊರೆಯು ೧೩೯೩ರಲ್ಲಿ ಏಲ್ ಮಾರುವವರು ಬಾಗಿಲ ಮುಂದೆ ಗುರುತಿನ ಹಲಗೆಯನ್ನು ತೂಗುಹಾಕಬೇಕೆಂದು ವಿಧಿಸಿದನು. ಓದುಬಲ್ಲವರು ವಿರಳವಾಗಿದ್ದ ಆ ಕಾಲದಲ್ಲಿ ಹಲಗೆಯ ಮೇಲೆ ಚಿತ್ರವಿರಬೇಕಾಗಿದ್ದುದು ಸಹಜ. ಹೀಗಾಗಿ ಬಿಳಿಯ ಸಾರಂಗ, ಕೆಂಪು ಸಿಂಹ, ಗಂಟೆ, ಕಿರೀಟ ಮುಂತಾದುವು ಹೆಸರುಗಳಾದುವು. ಇವುಗಳಲ್ಲಿ ಬಿಳಿಯ ಸಾರಂಗವು ರಿಚರ್ಡನದೇ ಲಾಂಛನ. ಈ ಹೆಸರುಗಳು ಬರಬರುತ್ತ ಕೇರಿಯ ಗುರುತುಗಳೂ ಆದುವು. ‘ಏಂಜಲ್’, ‘ಎಲಿಫೆಂಟ್ ಆಂಡ್ ಕ್ಯಾಸಲ್’ ಎಂಬ ಲಂಡನ್ನಿನ ಪ್ರದೇಶಗಳು ಇಂತಹ ಮನೆಗಳಿಂದಲೇ ಹೆಸರು ಪಡೆದವು. ಇಂದು ಅವು ನೆಲದಡಿಯ ರೈಲಿನ ನಿಲ್ದಾಣಗಳ ಹೆಸರುಗಳೂ ಆಗಿವೆ. ನಮ್ಮಲ್ಲಿ ಗುಡಿಯೋ ಅರಳಿಕಟ್ಟೆಯೋ ದಾರಿಹೋಕನಿಗೆ ಗುರುತಾಗುವಂತೆ ಅಲ್ಲಿ ಪಬ್ಬು ಗುರುತಾಯಿತು.

ಹಳೆಯ ಮೂರು ಭೇದಗಳು ಕರಗಿ ಪಬ್ಲಿಕ್ ಹೌಸ್ ಎಂಬ ಹೆಸರು ನೆಲೆಗೊಂಡುದು ಸುಮಾರಾಗಿ ಹದಿನೆಂಟನೆಯ ಶತಮಾನದಲ್ಲಿ. ಆ ಕಾಲದಲ್ಲಿ ಜಿನ್ ಎಂಬ ಅಗ್ಗದ ಭಟ್ಟಿಮದ್ಯವು ಲಂಡನ್ನಿನ ಬಡವರನ್ನು ಹಾಳುಗೆಡವಿತು. ೧೭೫೧ರಲ್ಲಿ ಹೋಗಾರ್ತನು ಕೆತ್ತಿದ ಜೋಡಿಚಿತ್ರಗಳಲ್ಲಿ ಜಿನ್ನಿನ ಬೀದಿಯು ನಾಶದ ಚಿತ್ರ, ಬಿಯರಿನ ಬೀದಿಯು ಸುಭಿಕ್ಷದ ಚಿತ್ರ. ಅದೇ ವರ್ಷ ಜಿನ್ನನ್ನು ಹತೋಟಿಯಲ್ಲಿಡುವ ಶಾಸನವೂ ಬಂದಿತು. ಬಿಯರು ದೇಶೀಯವೂ ನಿರಪಾಯವೂ ಆದುದೆಂಬ ಇದೇ ಭಾವನೆಯಿಂದ ೧೮೩೦ರಲ್ಲಿ ಎರಡು ಗಿನಿಗಳನ್ನು ತೆತ್ತ ಯಾವ ತೆರಿಗೆದಾರನೇ ಆಗಲಿ ಬಿಯರನ್ನು ಮಾರಬಹುದೆಂದು ಶಾಸನವಾಯಿತು. ಸಾವಿರಾರು ಮನೆಗಳು ಹೊಸದಾಗಿ ತೆರೆದುವು. ಪೈಪೋಟಿಗೆ ಸಿಕ್ಕಿದ ಬಿಯರು ತಯಾರಕರು ಮನೆಗಳನ್ನು ತಾವೇ ಕೊಂಡು, ತಮ್ಮ ಬಿಯರನ್ನೇ ಮಾರತಕ್ಕದ್ದೆಂಬ ಕರಾರಿನ ಮೇಲೆ ಗೇಣಿಗೆ ಕೊಡುವ ಪದ್ಧತಿ ಹಬ್ಬಿತು. ಮಾಲೀಕತ್ವ ದೂರದ ಕಂಪೆನಿಯದು. ಮಾಳಿಗೆಯ ಮೇಲೆ ಸಂಸಾರ ಹೂಡಿಕೊಂಡು ಕೆಳಗೆ ವ್ಯಾಪಾರ ನಡೆಸುವವನು ಮಾತ್ರ ಕೇರಿಯವನು. ಈ ದ್ವಂದ್ವವು ಇಂದಿನವರೆಗೂ ಪಬ್ಬಿನ ಭಾಗ್ಯವನ್ನು ನಿರ್ಣಯಿಸುತ್ತ ಬಂದಿದೆ.

ವಿಕ್ಟೋರಿಯ ರಾಣಿಯ ಕಾಲದಲ್ಲಿ ಕಟ್ಟಿದ ಪಬ್ಬಿನ ಒಳರಚನೆಯು ಅಲ್ಲಿಯ ಸಮಾಜದ ನಕ್ಷೆಯಂತಿದೆ. ಒಂದೇ ಮನೆಗೆ ಹಲವು ಬಾಗಿಲುಗಳು. ‘ಪಬ್ಲಿಕ್ ಬಾರ್’ ಎಂಬುದು ಕೂಲಿಕಾರರಿಗೆ. ಬರಿಯ ಹಲಗೆಯ ನೆಲ, ಕಡಮೆ ಬೆಲೆ. ‘ಸಲೂನ್ ಬಾರ್’ ಎಂಬುದು ಜಮಖಾನೆ, ಮೆತ್ತನೆಯ ಪೀಠಗಳುಳ್ಳದ್ದು. ಅದೇ ಬಿಯರಿಗೆ ಅಲ್ಲಿ ತುಸು ಹೆಚ್ಚಿನ ಬೆಲೆ. ‘ಸ್ನಗ್’ ಎಂಬ ಪುಟ್ಟ ಕೋಣೆಯು ಪರರ ಕಣ್ಣಿಗೆ ಬೀಳಲೊಲ್ಲದವರಿಗೆ, ಅದರಲ್ಲಿಯೂ ಹೆಂಗಸರಿಗೆ, ಅನುಕೂಲವಾಗಿದ್ದಿತು. ಗಿರಾಕಿಯ ಮುಖವು ಎದುರಿನವರಿಗೆ ಕಾಣದಂತೆ ತಿರುಗಿಸಬಹುದಾದ ಸಣ್ಣ ಗಾಜಿನ ತಡಿಕೆಗಳೂ ಇರುತ್ತಿದ್ದುವು. ಬ್ಲೂಮ್ಸ್‌ಬರಿಯ ‘ಲ್ಯಾಂಬ್’ ಎಂಬಲ್ಲಿ ಇವು ಇನ್ನೂ ಉಳಿದಿವೆ. ಹೈ ಹೋಬರ್ನಿನ ‘ಪ್ರಿನ್ಸೆಸ್ ಲೂಯಿಸ್’ ಎಂಬಲ್ಲಿ ೧೮೯೧ರ ಹೆಂಚು, ಕನ್ನಡಿ, ಕೆತ್ತನೆಗಳನ್ನು ಕಾಣಬಹುದು. ಕೋಣೆಗಳ ಅಡ್ಡತಡಿಕೆಗಳನ್ನು ೨೦೦೮ರಲ್ಲಿ ಹಳೆಯ ಮಾದರಿಯಲ್ಲಿಯೇ ಮತ್ತೆ ನಿಲ್ಲಿಸಲಾಯಿತು. ಮಿಕ್ಕ ಪಬ್ಬುಗಳಲ್ಲಿ ಬಹುಪಾಲು ಈ ಗೋಡೆಗಳನ್ನು ಕೆಡವಿ ಒಂದೇ ಹಜಾರವಾಗಿ ಮಾಡಲಾಗಿದೆ. ಆದ್ದರಿಂದ ಹಳೆಯ ಕಾದಂಬರಿಯಲ್ಲಿ ಒಬ್ಬನು ಯಾವ ‘ಬಾರಿ’ಗೆ ಹೋದನೆಂಬ ಮಾತು ಬಂದರೆ ಅದನ್ನು ಅಲಕ್ಷಿಸತಕ್ಕದ್ದಲ್ಲ.

ನಡಾವಳಿಯಲ್ಲಿ ಮುಖ್ಯವಾದುವು ಎರಡು. ಗಿರಾಕಿಯು ಕಟ್ಟೆಯ ಬಳಿಗೆ ತಾನೇ ಹೋಗಿ, ಕೇಳಿ, ಹಣ ಕೊಟ್ಟು ತರಬೇಕು. ಗೆಳೆಯರು ಕೂಡಿದಾಗ ಸರದಿಯ ಮೇಲೆ ಒಬ್ಬೊಬ್ಬನು ಎಲ್ಲರಿಗೂ ಕೊಡಿಸಬೇಕು. ಸರದಿ ಬಂದಾಗ ತಪ್ಪಿಸಿಕೊಳ್ಳುವವನಿಗೆ ಕೇರಿಯಲ್ಲಿ ಮರ್ಯಾದೆಯಿಲ್ಲ. ಅಳತೆಯು ಪೈಂಟು, ಅಂದರೆ ಸುಮಾರು ೫೬೮ ಮಿಲಿಲೀಟರು.

ಕಾಲನಿಯಮವೂ ಸಾಹಿತ್ಯವನ್ನು ಹೊಕ್ಕಿದೆ. ಮೊದಲನೆಯ ಮಹಾಯುದ್ಧದಲ್ಲಿ, ಯುದ್ಧಸಾಮಗ್ರಿಯ ಕೆಲಸಗಾರರು ಕುಡಿದು ಮೈಮರೆಯಬಾರದೆಂದು ಪಬ್ಬುಗಳ ವೇಳೆಯನ್ನು ಬಿಗಿಗೊಳಿಸಿ ಮಧ್ಯಾಹ್ನದಲ್ಲಿಯೂ ಮುಚ್ಚಿಸಲಾಯಿತು. ೧೯೨೧ರ ಶಾಸನವು ಈ ಮಧ್ಯಾಹ್ನದ ಬಿಡುವನ್ನು ಶಾಂತಿಕಾಲಕ್ಕೂ ಮುಂದುವರಿಸಿತು. ಮರುವರ್ಷ ಪ್ರಕಟವಾದ ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಎರಡನೆಯ ಭಾಗದಲ್ಲಿ, ಸೈನ್ಯದಿಂದ ಮರಳುವ ಗಂಡನ ವಿಷಯವಾಗಿ ಹೆಂಗಸೊಬ್ಬಳು ಹರಟುತ್ತಿರುವಾಗ, ಹೊತ್ತಾಯಿತೆಂಬ ಕೂಗು ಮತ್ತೆ ಮತ್ತೆ ನಡುವೆ ಬಂದು ಬಡಿಯುತ್ತದೆ. ಅದು ಪಬ್ಬಿನ ಯಜಮಾನನು ಮುಚ್ಚುವ ವೇಳೆಯಲ್ಲಿ ಕೂಗುವ ವಾಡಿಕೆಯ ಕೂಗು. ಇದನ್ನರಿಯದ ವಿದ್ಯಾರ್ಥಿಗೆ ಅದು ಕೇವಲ ಒಗಟು. ಅರಿತವನಿಗೆ ಲೋಕದ ಕೂಗೇ ಕಾಲನ ಕೂಗಾಗಿ ಧ್ವನಿಸುತ್ತದೆ. ದಿನವಿಡೀ ತೆರೆದಿರಲು ಇಂಗ್ಲೆಂಡಿನಲ್ಲಿ ಅನುಮತಿ ದೊರೆತುದು ೧೯೮೮ರಲ್ಲಿ.

ನೋಡತಕ್ಕ ಕೆಲವು ಮನೆಗಳನ್ನು ಕೇರಿಯ ಕ್ರಮದಲ್ಲಿ ಸೂಚಿಸಬಹುದು. ಸದರ್ಕಿನಲ್ಲಿ ಟ್ಯಾಬರ್ಡ್ ಉಳಿದಿಲ್ಲ. ಅದರ ನೆರೆಯ ‘ಜಾರ್ಜ್ ಇನ್’ ಉಳಿದಿದೆ. ೧೬೭೬ರ ಬೆಂಕಿಯ ತರುವಾಯ ಕಟ್ಟಿದ ಈ ಮನೆಯು ಮೊಗಸಾಲೆಗಳಿಂದ ಕೂಡಿದ ಹಳೆಯ ಇನ್ನುಗಳಲ್ಲಿ ಲಂಡನ್ನಿನಲ್ಲಿ ಉಳಿದಿರುವ ಒಂದೇ ಒಂದು. ೧೯೩೭ರಿಂದ ನ್ಯಾಷನಲ್ ಟ್ರಸ್ಟಿನ ಅಧೀನದಲ್ಲಿದೆ. ಫ್ಲೀಟ್ ಬೀದಿಯಲ್ಲಿ ೧೬೬೭ರಲ್ಲಿ ಮರಳಿ ಕಟ್ಟಿದ ‘ಚೆಷೈರ್ ಚೀಸ್’ ಇದೆ. ಡಾಕ್ಟರ್ ಜಾನ್ಸನನು ಇಲ್ಲಿ ಕೂಡುತ್ತಿದ್ದನೆಂಬುದು ಐತಿಹ್ಯ. ಅವನ ಮನೆಯು ಸಮೀಪದಲ್ಲಿದ್ದುದು ನಿಜವಾದರೂ ಬಾಸ್ವೆಲನ ಚರಿತ್ರೆಯಲ್ಲಿ ಕಾಣುವುದು ‘ಮೈಟರ್’ ಎಂಬ ಟ್ಯಾವರ್ನಿನ ಹೆಸರೇ ಹೊರತು ಇದರದಲ್ಲ. ಪೂರ್ವದ ಲೈಮ್‌ಹೌಸಿನಲ್ಲಿ ನದಿಯ ಮೇಲೆ ಬಾಗಿದಂತಿರುವ ‘ಗ್ರೇಪ್ಸ್’ ಇದೆ. ಡಿಕನ್ಸನ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಪಬ್ಬಿಗೆ ಇದು ಮಾದರಿಯೆಂದು ನಂಬಲಾಗಿದೆ. ಪಶ್ಚಿಮದ ಸೌತಾಲಿನಲ್ಲಿದ್ದ, ಪಂಜಾಬಿಗಳು ನಡೆಸುತ್ತಿದ್ದ ‘ಗ್ಲಾಸಿ ಜಂಕ್ಷನ್’ ಎಂಬಲ್ಲಿ ಭಾರತದ ರೂಪಾಯಿಯೂ ಸಲ್ಲುತ್ತಿದ್ದಿತು, ಅದು ಈಗಿಲ್ಲ. ಹೊಸ ನೆರೆಯವರು ಬಂದಾಗ ಕೇರಿಯ ಮನೆಯು ಅವರದಾಗುವುದೆಂಬುದಕ್ಕೆ ಅದು ನಿದರ್ಶನ.

ಉತ್ತಮ ಪಬ್ಬಿನ ಲಕ್ಷಣವೇನು? ಜಾರ್ಜ್ ಆರ್ವೆಲನು ೧೯೪೬ರ ಫೆಬ್ರವರಿಯಲ್ಲಿ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ‘ದಿ ಮೂನ್ ಅಂಡರ್ ವಾಟರ್’ ಎಂಬ ಲೇಖನವನ್ನು ಬರೆದು ಹತ್ತು ಗುಣಗಳನ್ನು ಎಣಿಸಿದನು. ಕೊನೆಗೆ ಅಂತಹ ಪಬ್ಬೇ ಇಲ್ಲವೆಂದೂ, ಹತ್ತರಲ್ಲಿ ಎಂಟು ಗುಣಗಳುಳ್ಳ ಒಂದನ್ನು ಮಾತ್ರ ತಾನು ಬಲ್ಲೆನೆಂದೂ ಹೇಳಿದನು. ಅವನ ಪಟ್ಟಿಯಲ್ಲಿ ಬಿಯರಿಗಿಂತ ಮೊದಲು ಬರುವುದು ವಾತಾವರಣ: ಮಾತು ಕೇಳಿಸುವಷ್ಟು ಮೌನವಿರಬೇಕು, ಬಡಿಸುವವರು ಗಿರಾಕಿಗಳನ್ನು ಹೆಸರಿನಿಂದ ಬಲ್ಲವರಾಗಿರಬೇಕು, ಸಂಸಾರವಂದಿಗರು ಕೂರಲು ತೋಟವಿರಬೇಕು. ಅಂದರೆ ಅವನು ವರ್ಣಿಸಿದುದು ಅಂಗಡಿಯನ್ನಲ್ಲ, ನೆರೆಹೊರೆಯನ್ನು.

ಈ ಮಾತು ಬರಿಯ ಭಾವುಕತೆಯಲ್ಲವೆಂಬುದನ್ನು ಈಚಿನ ಚರಿತ್ರೆ ತೋರಿಸುತ್ತದೆ. ೧೯೮೯ರ ಸರಕಾರಿ ಆಜ್ಞೆಗಳಿಂದ ದೊಡ್ಡ ಬಿಯರು ತಯಾರಕರ ಹಿಡಿತವು ಸಡಿಲಿದರೂ ಮನೆಗಳು ಬಹುಮಟ್ಟಿಗೆ ಹೊಸ ಕಂಪೆನಿಗಳ ಪಾಲಾದುವು. ಲಂಡನ್ನಿನ ನೆಲದ ಬೆಲೆಯು ಏರಿದಂತೆಲ್ಲ, ಪಬ್ಬನ್ನು ನಡೆಸುವುದಕ್ಕಿಂತ ಕೆಡವಿ ವಸತಿಗಳನ್ನು ಕಟ್ಟುವುದೇ ಮಾಲೀಕರಿಗೆ ಲಾಭಕರವಾಯಿತು. ಆಗ ೨೦೧೧ರ ಶಾಸನವೊಂದು ಇಂತಹ ಮನೆಯನ್ನು ‘ಸಮುದಾಯದ ಸ್ವತ್ತು’ ಎಂದು ದಾಖಲುಮಾಡಿಸುವ ಅಧಿಕಾರವನ್ನೂ, ಅದು ಮಾರಾಟಕ್ಕೆ ಬಂದಾಗ ಹಣ ಕೂಡಿಸಲು ಆರು ತಿಂಗಳ ಅವಧಿಯನ್ನೂ ನೆರೆಯವರಿಗೆ ಕೊಟ್ಟಿತು. ನನ್‌ಹೆಡ್ಡಿನ ‘ಐವಿ ಹೌಸ್’ ಹೀಗೆ ದಾಖಲಾದ ಮೊದಲನೆಯ ಪಬ್ಬು. ೨೦೧೩ರಲ್ಲಿ ಕೇರಿಯವರೇ ಷೇರುಗಳನ್ನು ಕೊಂಡು ಅದನ್ನು ತಮ್ಮದಾಗಿ ಮಾಡಿಕೊಂಡರು. ಕಿಲ್ಬರ್ನಿನ ‘ಕಾರ್ಲ್‌ಟನ್ ಟ್ಯಾವರ್ನ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ೨೦೧೫ರಲ್ಲಿ ಅನುಮತಿಯಿಲ್ಲದೆ ಅದನ್ನು ಕೆಡವಲಾಯಿತು. ಹಿಂದೆ ಇದ್ದಂತೆಯೇ ಮರಳಿ ಕಟ್ಟತಕ್ಕದ್ದೆಂದು ವೆಸ್ಟ್‌ಮಿನ್‌ಸ್ಟರ್ ನಗರಸಭೆಯು ಆಜ್ಞೆ ಮಾಡಿತು. ನೆರೆಯವರು ಪಟ್ಟುಹಿಡಿದು ನಿಂತರು. ೨೦೨೧ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಕುಡಿತದ ಚಪಲಕ್ಕಾಗಿ ಮಾತ್ರ ಜನರು ಆರು ವರ್ಷ ಹೋರಾಡುವರೆಂದು ಭಾವಿಸುವುದು ಕಷ್ಟ. ಕುಡಿಯಲು ಲಂಡನ್ನಿನಲ್ಲಿ ಬೇರೆ ಎಡೆಗಳಿಗೆ ಕೊರತೆಯಿಲ್ಲ.

ಪಾನದೋಷವನ್ನು ಮರೆಮಾಚುವುದು ಈ ವಿವೇಚನೆಯ ಉದ್ದೇಶವಲ್ಲ. ಹೋಗಾರ್ತನ ಚಿತ್ರವೂ ಡಿಕನ್ಸನ ಎಷ್ಟೋ ಪ್ರಕರಣಗಳೂ ಆ ದೋಷವನ್ನು ಸಾರುತ್ತಲೇ ಇವೆ. ಆದರೆ ಗುಣವಾಗಲಿ ದೋಷವಾಗಲಿ ತಿಳಿಯಬೇಕಾದರೆ ಮೊದಲು ವಸ್ತುವು ತಿಳಿಯಬೇಕು. ಆದಕಾರಣ ಅಧ್ಯಾಪಕರಿಗೆ ಇಷ್ಟನ್ನು ಸೂಚಿಸಬಹುದು: ಇನ್ನಿಗೆ ‘ತಂಗುಮನೆ’ ಎಂಬುದು ಸಲ್ಲುತ್ತದೆ, ‘ಛತ್ರ’ ಸಲ್ಲದು, ಏಕೆಂದರೆ ಛತ್ರದಲ್ಲಿ ಧರ್ಮವಿದೆ, ಇನ್ನಿನಲ್ಲಿ ವ್ಯಾಪಾರವಿದೆ. ಟ್ಯಾವರ್ನಿಗೆ ‘ಪಾನಗೃಹ’ ಎಂದೂ ಏಲ್‌ಹೌಸಿಗೆ ‘ಸೆರೆಮನೆ’ ಎಂದರೆ ಕಾರಾಗೃಹವೆಂಬ ಅರ್ಥ ಬರುವುದರಿಂದ ‘ಸೆರೆಯಂಗಡಿ’ ಎಂದೂ ಹೇಳಬಹುದು. ಪಬ್ಬನ್ನು ಮಾತ್ರ ‘ಪಬ್ಬು’ ಎಂದೇ ಉಳಿಸಿಕೊಂಡು, ಅದು ಕೇರಿಗೊಂದು ಹೊರಚಾವಡಿಯೆಂದು ಒಂದು ಮಾತಿನಲ್ಲಿ ವಿವರಿಸುವುದು ಲೇಸು. ನಮ್ಮ ಹಳ್ಳಿಯ ಹೊರಚಾವಡಿಯಲ್ಲಿ ಕೂತು ಬಂದ ವಿದ್ಯಾರ್ಥಿಗೆ ಮಿಕ್ಕುದು ತಾನಾಗಿಯೇ ತಿಳಿಯುವುದು.