ಪರದೇಶದ ವರ್ಗಾವಣೆ: ಹೊರಡುವ ಮುನ್ನ ಸತಿಪತಿಗಳು ಕೂಡಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಪರದೇಶಕ್ಕೆ ಹೊರಡಲು ಯಾವ ದಿನ ಒಳ್ಳೆಯದೆಂದು ಕೇಳಿಕೊಂಡು ನಮ್ಮಲ್ಲಿಗೆ ಬರುವ ಗೃಹಸ್ಥರು ಅನೇಕರು. ಹೊರಡುವುದೇ ಒಳ್ಳೆಯದೋ ಅಲ್ಲವೋ ಎಂದು ಕೇಳಿ ಬರುವವರು ತೀರ ವಿರಳ. ಕಂಪನಿಯಿಂದ ಪತಿಗೋ ಪತ್ನಿಗೋ ಹೊರದೇಶದ ವರ್ಗಾವಣೆಯ ಪತ್ರ ಬಂದೊಡನೆ ಮನೆಯಲ್ಲಿ ಪೇಢೆ ಹಂಚಿ, ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿ, ಅಭಿನಂದನೆಗಳನ್ನು ಸ್ವೀಕರಿಸಿದ ಬಳಿಕ ಎಂದೋ ಒಂದು ರಾತ್ರಿ ದಂಪತಿಗಳು ಕುಳಿತು ಯೋಚಿಸತೊಡಗುತ್ತಾರೆ. ಅಷ್ಟು ಹೊತ್ತಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಕೈಬಿಟ್ಟು ಹೋಗಿರುತ್ತದೆ. ಆದ್ದರಿಂದ ಈ ವಿಷಯವನ್ನು ನಮ್ಮ ಓದುಗ ಬಂಧುಗಳ ಮುಂದೆ ವಿವರವಾಗಿ ಇಡುವುದು ಅವಶ್ಯವೆಂದು ಭಾವಿಸಿದ್ದೇವೆ.

ವರ್ಗಾವಣೆ ಎಂಬುದು ನಮ್ಮ ಮನೆತನಗಳಿಗೆ ಹೊಸದೇನಲ್ಲ. ಶಾಲಾ ಮಾಸ್ತರರು, ತಾಲ್ಲೂಕು ಕಚೇರಿಯ ಗುಮಾಸ್ತರು, ರೈಲ್ವೆಯ ನೌಕರರು ಇವರ ಮನೆಗಳಲ್ಲಿ ಗೃಹಿಣಿಯು ಮೂರು ನಾಲ್ಕು ವರ್ಷಕ್ಕೊಮ್ಮೆ ಪಾತ್ರೆ ಪಡಗಗಳನ್ನು ಗೋಣಿಚೀಲಕ್ಕೆ ತುಂಬಿ ಮತ್ತೊಂದು ಊರಿಗೆ ನಡೆದವಳೇ. ಆದರೆ ಬೀದರದಿಂದ ಮಡಿಕೇರಿಗೆ ಹೋದರೂ ಕಾನೂನು ಒಂದೇ, ನಾಣ್ಯ ಒಂದೇ, ಒಂದು ರಾತ್ರಿಯ ಪಯಣದಲ್ಲಿ ತವರಿನ ಹೊಸ್ತಿಲು ಸಿಗುತ್ತಿತ್ತು. ಪರದೇಶದ ವರ್ಗಾವಣೆಯಲ್ಲಿ ಹಾಗಿಲ್ಲ. ಅಲ್ಲಿ ನೆಲೆಸುವ ಹಕ್ಕು, ದುಡಿಯುವ ಹಕ್ಕು, ಮಕ್ಕಳ ವಾಸದ ಹಕ್ಕು ಇವೆಲ್ಲವೂ ಒಬ್ಬರ ನೌಕರಿಯೆಂಬ ಒಂದೇ ಕಂಬಕ್ಕೆ ಕಟ್ಟಿದ ಚಪ್ಪರವಾಗಿರುತ್ತವೆ. ಆ ಕಂಬ ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸದೆ ಮನೆಮಂದಿಯನ್ನೆಲ್ಲ ಅದರ ಕೆಳಗೆ ಕೂರಿಸುವುದು ವಿವೇಕವಲ್ಲ.

ಸತಿಯ ಮಾತಿನ ಬೆಲೆ

ಊರು ತೊರೆದು ಬಂದವರಿಂದಲೇ ಕಲ್ಯಾಣವು ಕಲ್ಯಾಣವಾಯಿತೆಂಬುದನ್ನು ನಾವು ಮರೆಯಲಾಗದು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಪತ್ನಿಯೊಡನೆ ಅಷ್ಟು ದೂರ ಬಂದು ಕಟ್ಟಿಗೆ ಮಾರಿ ಬದುಕಿದನು. ಆತನ ಹೆಸರಿನ ಜೊತೆಗೆ ಮಹಾದೇವಮ್ಮನ ಹೆಸರೂ ಉಳಿದಿದೆ; ಇಬ್ಬರೂ ವಚನಕಾರರು. ಹಿಂದೆ ಬಂದವಳೆಂದು ಆಕೆಯನ್ನು ಯಾರೂ ಕರೆಯಲಿಲ್ಲ, ಜೊತೆಗೆ ಬಂದವಳೆಂದು ಕರೆದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ಮನೆಗೆ ಎಷ್ಟು ಬೇಕು, ಯಾವುದು ಹೆಚ್ಚು ಎಂಬುದನ್ನು ಅಳೆಯುವ ಅಧಿಕಾರ ಆ ಮನೆಯಲ್ಲಿ ಸತಿಗೂ ಇತ್ತು. ಇಂದಿನ ವರ್ಗಾವಣೆಯ ಪ್ರಶ್ನೆಯೂ ಮೂಲತಃ ಅದೇ: ನಮಗೆ ಎಷ್ಟು ಬೇಕು, ಅದಕ್ಕಾಗಿ ಏನನ್ನು ಬಿಡಬೇಕು, ಬಿಡುವವರು ಯಾರು?

ಮೊದಲ ಪ್ರಶ್ನೆ: ವೀಸಾ ಯಾವ ಬಗೆಯದು?

ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ವೀಸಾ ಯಾವುದೆಂದು ಕೇಳುವವರು ಕಡಿಮೆ. ಅಮೆರಿಕದ ಉದಾಹರಣೆಯನ್ನೇ ನೋಡೋಣ. ಒಂದೇ ಕಂಪನಿಯು ತನ್ನ ಇಲ್ಲಿಯ ನೌಕರನನ್ನು ಅಲ್ಲಿಯ ಶಾಖೆಗೆ ಕಳುಹಿಸುವುದಕ್ಕೆ ಎಲ್-1 ಎಂಬ ವೀಸಾ ಇದೆ. ವ್ಯವಸ್ಥಾಪಕ ದರ್ಜೆಯವರಿಗೆ ಗರಿಷ್ಠ 7 ವರ್ಷ, ವಿಶೇಷ ಜ್ಞಾನವುಳ್ಳ ನೌಕರರಿಗೆ ಗರಿಷ್ಠ 5 ವರ್ಷ ಇದರ ಅವಧಿ. ಈ ವೀಸಾದಲ್ಲಿರುವವರ ಪತಿ ಅಥವಾ ಪತ್ನಿಗೆ 2021ರ ನವೆಂಬರ್‌ನಿಂದ ಬೇರೆ ಪರವಾನಗಿಗೆ ಕಾಯದೆ ದುಡಿಯುವ ಅವಕಾಶ ದೊರೆತಿದೆ. ಆದರೆ ಎಲ್-1ರ ಮೇಲೆ ಹೋದವರು ಅದೇ ವೀಸಾದಲ್ಲಿ ಬೇರೆ ಕಂಪನಿಗೆ ಹಾರುವಂತಿಲ್ಲ.

ಎಚ್-1ಬಿ ವೀಸಾದ ಲೆಕ್ಕವೇ ಬೇರೆ. ಸಾಮಾನ್ಯವಾಗಿ 6 ವರ್ಷ ಅದರ ಮಿತಿ. ಅದರ ಅವಲಂಬಿತರಿಗೆ ದೊರೆಯುವ ಎಚ್-4 ವೀಸಾದಲ್ಲಿ ಮೊದಲಿಗೆ ದುಡಿಯುವ ಹಕ್ಕೇ ಇರಲಿಲ್ಲ. 2015ರ ಮೇ ತಿಂಗಳಿನಿಂದ ಆ ಹಕ್ಕು ಬಂದಿತಾದರೂ ಎಲ್ಲರಿಗೂ ಅಲ್ಲ. ಮುಖ್ಯವಾಗಿ, ಕಾಯಂ ನಿವಾಸಕ್ಕಾಗಿ ಕಂಪನಿ ಸಲ್ಲಿಸಿದ ಅರ್ಜಿ ಮಂಜೂರಾದವರ ಬಾಳಸಂಗಾತಿಗೆ ಮಾತ್ರ. ಎಂ.ಎಸ್ಸಿ., ಬಿ.ಇ. ಓದಿದ ನಮ್ಮ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆಯಲ್ಲಿ ಕುಳಿತದ್ದು ಈ ಕಾರಣದಿಂದಲೇ ಹೊರತು ಅಸಾಮರ್ಥ್ಯದಿಂದಲ್ಲ. ನೌಕರಿ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನು ಅಲ್ಲಿಯ ಅಧ್ಯಕ್ಷರು ಘೋಷಿಸಿದಾಗ ಎಷ್ಟು ಮನೆಗಳು ತಲ್ಲಣಿಸಿದವೆಂಬುದನ್ನು ನಾವು ಬಲ್ಲೆವು.

ಬೇರೆ ದೇಶಗಳಲ್ಲಿ ಬೇರೆ ರೀತಿ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿ ಅಲ್ಲಿಗೆ ಸೇರಿದ ಕೂಡಲೇ ದುಡಿಯಬಹುದು. ಸಿಂಗಪುರದಲ್ಲಿ 2021ರ ಮೇ 1ರಿಂದ ಅವಲಂಬಿತರು ನೌಕರಿ ಮಾಡಬೇಕಾದರೆ ತಮ್ಮದೇ ಕೆಲಸದ ಪರವಾನಗಿಯನ್ನು ಪಡೆಯಬೇಕಾಗಿದೆ. ಇಂಗ್ಲೆಂಡಿನಲ್ಲಿ ವೀಸಾದ ಶುಲ್ಕವಲ್ಲದೆ ಆರೋಗ್ಯ ಸೇವೆಗೆಂದು ಪ್ರಾಯದವರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಶುಲ್ಕವನ್ನು 2024ರ ಫೆಬ್ರವರಿಯಲ್ಲಿ ನಿಗದಿ ಮಾಡಲಾಯಿತು. ನಾಲ್ವರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಇದನ್ನು ಕಂಪನಿ ಕೊಡುವುದೋ ನಾವೇ ಕೊಡಬೇಕೋ ಎಂಬುದನ್ನು ಬರಹದಲ್ಲಿ ಪಡೆಯಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ನೆರೆಮನೆಯವರ ಅನುಭವವನ್ನು ನಂಬದೆ ಆಯಾ ದೇಶದ ಸರಕಾರದ ಪ್ರಕಟಣೆಯನ್ನೇ ಓದುವುದು ಕ್ಷೇಮ.

ಜೊತೆಗೆ ಹೋಗುವವರ ಕಾಯಕ

ವೀಸಾ ಅನುಮತಿ ಕೊಟ್ಟ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ವೈದ್ಯೆಯಾದವಳು ಅಮೆರಿಕದಲ್ಲಿ ಪರೀಕ್ಷೆಗಳನ್ನು ಮುಗಿಸಿ ಮತ್ತೆ ಆಸ್ಪತ್ರೆಯ ತರಬೇತಿಗೆ ಸೇರಬೇಕು. ದಾದಿಯರಿಗೆ ಬೇರೆ ಪರೀಕ್ಷೆಯುಂಟು. ಸರಕಾರಿ ಶಾಲೆಯ ಶಿಕ್ಷಕಿಯಾಗಲು ಆಯಾ ರಾಜ್ಯದ ಪರವಾನಗಿ ಬೇಕು. ವಕೀಲರಿಗೆ ಇಲ್ಲಿಯ ಸನದು ಅಲ್ಲಿ ನಡೆಯದು. ಕಾಯಕವೆಂದರೆ ಬರೀ ಸಂಬಳವಲ್ಲ; ಅದು ವ್ಯಕ್ತಿಯ ಘನತೆ. ಇಪ್ಪತ್ತು ವರ್ಷ ಪಾಠ ಹೇಳಿದವಳು ಹಠಾತ್ತನೆ ಪರಿಚಯದ ಒಂದು ಮುಖವೂ ಇಲ್ಲದ ಊರಿನಲ್ಲಿ, ಕಾರು ನಡೆಸಲು ಬಾರದೆ, ಹಿಮ ಬೀಳುವ ಕಿಟಕಿಯ ಬಳಿ ದಿನ ನೂಕುವಂತಾದರೆ ಆ ಸಂಸಾರದಲ್ಲಿ ಡಾಲರು ಇದ್ದರೂ ನಗು ಇರದು.

ಇದು ಸ್ತ್ರೀಯರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ನಾವು ಬಲ್ಲ ದಾವಣಗೆರೆಯ ಒಂದು ಮನೆಯಲ್ಲಿ ಜರ್ಮನಿಗೆ ವರ್ಗವಾದವಳು ಸೊಸೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ ಮಗನು ರಾಜೀನಾಮೆ ಕೊಟ್ಟು ಹೊರಟಾಗ ಬಂಧುಗಳಲ್ಲಿ ಕೆಲವರು ನಕ್ಕರು. ಆತನು ಹೊರಡುವ ಮೊದಲೇ ಎಂಟು ತಿಂಗಳು ಜರ್ಮನ್ ಭಾಷೆ ಕಲಿತಿದ್ದನು. ಅಲ್ಲಿ ಮೊದಲ ವರ್ಷ ಮಗುವನ್ನು ನೋಡಿಕೊಂಡು, ರೊಟ್ಟಿ ಬಡಿಯುವುದನ್ನೂ ಕಲಿತು, ಎರಡನೆಯ ವರ್ಷ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಸಂಪಾದಿಸಿದನು. ಹೊರಡುವ ಮುನ್ನವೇ ಆ ಮನೆಯಲ್ಲಿ ‘ಎರಡು ವರ್ಷದಲ್ಲಿ ನಿನಗೆ ಕೆಲಸ ಸಿಗದಿದ್ದರೆ ಇಬ್ಬರೂ ಮರಳೋಣ’ ಎಂಬ ಒಪ್ಪಂದವಾಗಿತ್ತು. ಅವರನ್ನು ಕಾಪಾಡಿದ್ದು ಆ ಒಪ್ಪಂದ.

ಮಕ್ಕಳ ವಯಸ್ಸು

ಐದಾರು ವರ್ಷದ ಮಗು ಎಲ್ಲಿಯೂ ಬೇರು ಬಿಡುತ್ತದೆ. ಹದಿಮೂರು ಹದಿನಾಲ್ಕರ ಮಗುವನ್ನು ಕೀಳುವುದು ಸುಲಭವಲ್ಲ. ಮೂರು ವರ್ಷದ ಮಟ್ಟಿಗೆಂದು ಹೋಗಿ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಹೊತ್ತಿಗೆ ಮರಳಿದ ಮಕ್ಕಳು ಪಠ್ಯಕ್ರಮದ ಭೇದದಿಂದ ಪಡುವ ಪಾಡು ಕಡಿಮೆಯಲ್ಲ. ನೆಲೆಸುವ ಉದ್ದೇಶದಿಂದಲೇ ಹೋಗುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಅಮೆರಿಕದಲ್ಲಿ ಕಾಯಂ ನಿವಾಸದ ವೀಸಾಗಳಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಪಾಲು ಸಿಗದು. ಭಾರತೀಯ ಅರ್ಜಿದಾರರ ಸಾಲು ಉದ್ದವಾದುದರಿಂದ ಉದ್ಯೋಗದ ಮುಖ್ಯ ವರ್ಗಗಳಲ್ಲಿ ಹತ್ತು ವರ್ಷಕ್ಕೂ ಮೀರಿ ಕಾಯುವುದಾಗಿದೆ. ಇತ್ತ ಮಗುವಿಗೆ 21 ತುಂಬಿದೊಡನೆ ಅವಲಂಬಿತನೆಂಬ ಸ್ಥಾನ ಕಳಚಿಹೋಗುತ್ತದೆ. ಹನ್ನೆರಡರ ಮಗಳನ್ನು ಕರೆದೊಯ್ಯುವ ತಂದೆತಾಯಿಗಳು ಆ ಸಾಲನ್ನೂ ಮಗಳ ವಯಸ್ಸನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಬೇಕು.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಮನೆಯಲ್ಲಿ ಕನ್ನಡ ಆಡದ ಮಗುವಿಗೆ ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತನಾಡಲು ಏನೂ ಉಳಿಯದು. ಧರ್ಮಾಚರಣೆಯ ಬಗೆಗೆ ನಮಗೆ ಅಷ್ಟು ಚಿಂತೆಯಿಲ್ಲ. ಇಷ್ಟಲಿಂಗವು ಎದೆಯ ಮೇಲೆ ಇರುವಂಥದು. ಅದಕ್ಕೆ ಗುಡಿಯ ಹಂಗಿಲ್ಲ, ಗಡಿಯ ಹಂಗೂ ಇಲ್ಲ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಆದರೆ ಮನೆಯೊಳಗೆ ತಾಯಿತಂದೆಗಳು ಬೆಳಗಿನ ಪೂಜೆಗೆ ಹತ್ತು ನಿಮಿಷ ಕೂಡದಿದ್ದರೆ ಮಕ್ಕಳಿಗೆ ಪ್ರತಿಮೆಯೊಂದೇ ಏನು ಕಲಿಸೀತು?

ಹಿರಿಯರನ್ನು ಕೇಳಿದಿರಾ?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಅಮೆರಿಕದ ಎಲ್ ಮತ್ತು ಎಚ್ ವೀಸಾಗಳಲ್ಲಿ ತಂದೆತಾಯಿಗಳು ಅವಲಂಬಿತರೆಂದು ಎಣಿಕೆಯಾಗುವುದಿಲ್ಲ. ಅವರು ಪ್ರವಾಸಿಗರಾಗಿ, ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳ ಮಟ್ಟಿಗೆ ಮಾತ್ರ ಹೋಗಿ ಬರಬಹುದು. ಇಂಗ್ಲೆಂಡಿನಲ್ಲಿಯೂ 2012ರಿಂದ ವೃದ್ಧ ತಂದೆತಾಯಿಗಳನ್ನು ಕರೆಸಿಕೊಳ್ಳುವ ನಿಯಮ ಅತಿ ಬಿಗಿಯಾಗಿದೆ. ‘ನಾವು ಮೊದಲು ಹೋಗಿ ನೆಲೆಯಾಗಿ, ಆಮೇಲೆ ಅವ್ವನನ್ನು ಕರೆಸಿಕೊಳ್ಳುತ್ತೇವೆ’ ಎಂಬ ಮಾತನ್ನು ಕೊಡುವ ಮುನ್ನ ಅದನ್ನು ನಡೆಸಿಕೊಡಲು ಸಾಧ್ಯವೇ ಎಂದು ನೋಡಬೇಕು. ನ್ಯೂಯಾರ್ಕಿನ ಗಡಿಯಾರವು ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಇಲ್ಲಿ ರಾತ್ರಿ ಅವ್ವನಿಗೆ ಎದೆನೋವು ಬಂದಾಗ ಅಲ್ಲಿ ಮಗನು ಕಚೇರಿಯಲ್ಲಿರುತ್ತಾನೆ.

ಗದಗ ಸೀಮೆಯ ಒಂದು ಮನೆತನ ಈ ಪ್ರಶ್ನೆಯನ್ನು ಎದುರಿಸಿದ ರೀತಿ ನಮಗೆ ಮೆಚ್ಚುಗೆಯಾಯಿತು. ಮಗನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ, ಸೊಸೆ ಪ್ರೌಢಶಾಲೆಯ ಗಣಿತ ಶಿಕ್ಷಕಿ, ಮೊಮ್ಮಗಳು ಎಂಟನೆಯ ತರಗತಿ. ಅಮೆರಿಕಕ್ಕೆ ಮೂರು ವರ್ಷದ ವರ್ಗಾವಣೆ ಬಂದಿತು. ತಾಯಿ ವಿಧವೆ, ಮೊಣಕಾಲು ನೋವಿನವರು, ಊರಿನಲ್ಲಿ ಹೊಲಮನೆ ನೋಡಿಕೊಂಡಿರುವವರು. ಸೊಸೆಯು ಅತ್ತೆಯ ಬಳಿ ಕುಳಿತು ನೇರವಾಗಿ ಕೇಳಿದಳು. ಆ ತಾಯಿಯ ಉತ್ತರ ಹೀಗಿತ್ತು: “ನನ್ನ ನೆವಾ ಹೇಳಿ ನಿಲ್ಲಬ್ಯಾಡ್ರಿ. ನನ್ನ ಮರತೂ ಹೋಗಬ್ಯಾಡ್ರಿ. ಎರಡೂ ಬಿಟ್ಟು ವಿಚಾರ ಮಾಡ್ರಿ.”

ಈ ಮಾತು ಅವರಿಗೆ ದಾರಿ ತೋರಿತು. ಮೂವರೂ ಕೂಡಿ ಒಂದು ಹಾಳೆಯಲ್ಲಿ ಗಳಿಕೆಯನ್ನೂ ಇನ್ನೊಂದರಲ್ಲಿ ಕಳೆತವನ್ನೂ ಬರೆದರು. ಉಳಿತಾಯದ ಲಾಭ ಸ್ಪಷ್ಟವಾಗಿತ್ತು. ಸೊಸೆಯ ನೌಕರಿ ಹೋಗುವುದೂ, ಮಗಳು ಪಿ.ಯು. ಹೊತ್ತಿಗೆ ಮರಳಿ ಎಡವುವುದೂ ಅಷ್ಟೇ ಸ್ಪಷ್ಟವಾಗಿತ್ತು. ಕೊನೆಗೆ ಮಗನು ಆ ವರ್ಗಾವಣೆಯನ್ನು ಒಪ್ಪದೆ, ಆರು ತಿಂಗಳ ಅಲ್ಪಾವಧಿಯ ಕೆಲಸವಾದರೆ ಒಬ್ಬನೇ ಹೋಗಿ ಬರುವೆನೆಂದು ಬರೆದುಕೊಟ್ಟನು. ಕಂಪನಿಯು ಆ ಸ್ಥಾನವನ್ನು ಮತ್ತೊಬ್ಬರಿಗೆ ಕೊಟ್ಟಿತು. ಅವನ ಬಡ್ತಿಯೂ ಎರಡು ವರ್ಷ ಮುಂದೆ ಹೋಯಿತು. ನಷ್ಟವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ನಷ್ಟಕ್ಕೆ ಆ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಏಕೆಂದರೆ ನಿರ್ಧಾರ ಮೂವರದೂ ಆಗಿತ್ತು.

ದಾಖಲೆ ಮತ್ತು ಆಸ್ತಿ

ಹೊರಡುವುದೆಂದೇ ನಿಶ್ಚಯವಾದರೆ ಕೆಲವು ಕೆಲಸಗಳನ್ನು ಇಲ್ಲಿಯೇ ಮುಗಿಸಿಕೊಳ್ಳಬೇಕು. ಕಲ್ಯಾಣಮಂಟಪದ ಛಾಯಾಚಿತ್ರ ಸಾಲದು, ವಿವಾಹ ನೋಂದಣಿಯ ಪ್ರಮಾಣಪತ್ರ ಬೇಕು. ಅನೇಕ ದೇಶಗಳು ಅದರ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆಯನ್ನು ಕೇಳುತ್ತವೆ. ಪದವಿ ಪತ್ರಗಳು, ಮಕ್ಕಳ ಜನನ ಪತ್ರ, ಲಸಿಕೆಯ ದಾಖಲೆ ಜೊತೆಗಿರಲಿ. ಅನಿವಾಸಿಗಳಾದ ಮೇಲೆ ಇಲ್ಲಿಯ ಸಾಮಾನ್ಯ ಬ್ಯಾಂಕ್ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಬೇಕು. ಅನಿವಾಸಿಗಳು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಇಲ್ಲಿರುವಾಗಲೇ ಪಡೆದ ಹೊಲವನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಪಡೆಯಬಹುದು. ಮನೆ ಹೊಲಗಳ ವ್ಯವಹಾರಕ್ಕೆ ಯಾರಿಗಾದರೂ ಅಧಿಕಾರ ಕೊಡುವುದಿದ್ದರೆ ಉಪನೋಂದಣಾಧಿಕಾರಿಗಳ ಮುಂದೆ, ಯಾವ ಕೆಲಸಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆದು ಕೊಡಬೇಕು. ಹಿರಿಯರ ಆರೋಗ್ಯ ವಿಮೆಯನ್ನು ಮುಂಚೆಯೇ ಮಾಡಿಸಿ, ಕರೆದ ಕೂಡಲೇ ಬರುವ ಒಬ್ಬ ಹತ್ತಿರದವರನ್ನು ಗೊತ್ತುಮಾಡಿರಬೇಕು.

ಮುಖ್ಯವಾಗಿ, ಜೊತೆಗೆ ಹೋಗುವವರ ಪಾಸ್‌ಪೋರ್ಟ್ ಮತ್ತು ಪ್ರಮಾಣಪತ್ರಗಳು ಅವರ ಕೈಯಲ್ಲಿಯೇ ಇರಲಿ. ಅವರ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆಯೂ ಮರಳಿ ಬರುವಷ್ಟು ಹಣವೂ ಇರಲಿ. ಇದನ್ನು ಅಪನಂಬಿಕೆ ಎಂದು ತಿಳಿಯಲಾಗದು. ಮರಳುವ ದಾರಿ ತೆರೆದಿದ್ದಾಗ ಮನಸ್ಸು ಹೊಸ ನೆಲದಲ್ಲಿ ನಿಶ್ಚಿಂತವಾಗಿ ನಿಲ್ಲುತ್ತದೆ.

ನಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಹೋಗುವುದೂ ತಪ್ಪಲ್ಲ, ನಿಲ್ಲುವುದೂ ಹೇಡಿತನವಲ್ಲ. ಒಬ್ಬರು ನಿರ್ಧರಿಸಿ ಇನ್ನೊಬ್ಬರು ಗಂಟು ಕಟ್ಟುವುದು ಮಾತ್ರ ತಪ್ಪು. ವೀಸಾ, ಕಾಯಕ, ಮಕ್ಕಳು, ಹಿರಿಯರು ಈ ನಾಲ್ಕರಲ್ಲಿ ಎರಡಕ್ಕೆ ತೃಪ್ತಿಕರ ಉತ್ತರ ದೊರೆಯದಿದ್ದರೆ ಸಂಬಳ ಎಷ್ಟೇ ಇರಲಿ, ಒಮ್ಮೆ ತಡೆದು ಯೋಚಿಸುವುದು ಲೇಸು. ನಾಲ್ಕಕ್ಕೂ ಉತ್ತರ ದೊರೆತರೆ, ಮರಳುವ ವರ್ಷವೊಂದನ್ನು ಇಬ್ಬರೂ ಒಪ್ಪಿ ಬರೆದಿಟ್ಟು ಧೈರ್ಯವಾಗಿ ಹೊರಡಲಿ. ಹಾಗೆ ಹೊರಡುವವರಿಗೂ, ಯೋಚಿಸಿ ಇಲ್ಲಿಯೇ ನಿಂತವರಿಗೂ ನಮ್ಮ ಶರಣು ಶರಣಾರ್ಥಿಗಳು.