ಮೀನಿನ ಆಹಾರದಲ್ಲಿ ಪಪ್ಪಾಯಿ ಬೀಜ

ಖಾನಾಪುರ ತಾಲ್ಲೂಕಿನ ಕಣಕುಂಬಿಯು ಮಲಪ್ರಭಾ ನದಿಯ ಉಗಮಸ್ಥಾನವೆಂದು ನೀವು ಓದಿರಬಹುದು. ಇಲ್ಲಿ ಹುಟ್ಟುವ ನದಿ ಸವದತ್ತಿ ಬಳಿಯ ರೇಣುಕಾಸಾಗರವನ್ನು ತುಂಬಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಂತಹ ಊರಿನಲ್ಲಿ ಹೊಂಡ ತೋಡಿ ಟಿಲಾಪಿಯಾ ಮೀನು ಸಾಕಿದೆವೆನ್ನಿ. ಮಳೆಗಾಲದಲ್ಲಿ ಹೊಂಡ ಉಕ್ಕಿ ಹರಿದರೆ ಮೀನು ಹಳ್ಳದ ಮೂಲಕ ನದಿಗೆ ಇಳಿಯಬಹುದು. ಆಗ ಏನಾದೀತು?

ಸಮಸ್ಯೆ ಏನು?

ಜಿಲೇಬಿ ಮೀನೆಂದೂ ಕರೆಯಲಾಗುವ ಟಿಲಾಪಿಯಾ ಆಫ್ರಿಕಾ ಮೂಲದ್ದು. ಇದರ ಮೊಸಾಂಬಿಕ್ ಪ್ರಭೇದ 1952ರಲ್ಲಿ ಭಾರತಕ್ಕೆ ಬಂದಿತು. ಎರಡು ಮೂರು ತಿಂಗಳಲ್ಲೇ ಇದು ಪ್ರಾಯಕ್ಕೆ ಬಂದು ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ತಾಯಿ ಮೀನು ಮೊಟ್ಟೆ, ಮರಿಗಳನ್ನು ಬಾಯಿಯಲ್ಲಿಟ್ಟು ಕಾಪಾಡುವುದರಿಂದ ಹೆಚ್ಚು ಮರಿಗಳು ಬದುಕುತ್ತವೆ. ಹೊಂಡದಲ್ಲಿ ಮೀನು ಕಿಕ್ಕಿರಿದು, ಆಹಾರ ಸಾಲದೆ ಎಲ್ಲವೂ ಗಿಡ್ಡಗಾಗುತ್ತವೆ. ನದಿ ಸೇರಿದರೆ ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡುತ್ತವೆ.

ಇದಕ್ಕೆ ರೂಢಿಯಲ್ಲಿರುವ ಪರಿಹಾರ ಹಾರ್ಮೋನು. ಮರಿಗಳಿಗೆ ಮೂರು ನಾಲ್ಕು ವಾರ, ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂ ಮೀಥೈಲ್ ಟೆಸ್ಟೋಸ್ಟಿರೋನ್ ಬೆರೆಸಿ ಕೊಟ್ಟರೆ ಬಹುತೇಕ ಎಲ್ಲವೂ ಗಂಡಾಗುತ್ತವೆ. ಆದರೆ ಹಾರ್ಮೋನು ನೀರಿಗೆ ಸೇರುವ ಬಗ್ಗೆ, ಅದನ್ನು ಬೆರೆಸುವವರ ಆರೋಗ್ಯದ ಬಗ್ಗೆ ಆತಂಕವಿದೆ.

ಗಿಡಗಳ ಕೆಲಸ

ಬದಲಿಯಾಗಿ ಪರೀಕ್ಷಿಸುತ್ತಿರುವ ಸಸ್ಯಗಳಲ್ಲಿ ಎರಡು ಬಗೆ. ಬೆಳ್ಳುಳ್ಳಿ, ಮೆಂತ್ಯದಂಥವು ಹಸಿವು, ಜೀರ್ಣಶಕ್ತಿ, ರೋಗನಿರೋಧಕ ಶಕ್ತಿಗಳನ್ನು ಹೆಚ್ಚಿಸಿ ಬೆಳವಣಿಗೆಗೆ ನೆರವಾಗುತ್ತವೆ. ಪಪ್ಪಾಯಿ ಬೀಜ, ಬೇವಿನ ಎಲೆ, ದಾಸವಾಳದ ಎಲೆ ಸಂತಾನೋತ್ಪತ್ತಿಯನ್ನು ತಗ್ಗಿಸುತ್ತವೆ. ಇವುಗಳನ್ನು ತಿಂದ ಗಂಡು ಟಿಲಾಪಿಯಾಗಳ ವೃಷಣದಲ್ಲಿ ವೀರ್ಯಾಣು ತಯಾರಾಗುವ ಅಂಗಾಂಶ ಹಾಳಾಗಿದ್ದನ್ನು ನೈಜೀರಿಯಾದ ಸಂಶೋಧಕರು ಕಂಡರು.

ಒಂದು ಪಪ್ಪಾಯಿ ಬೀಜವನ್ನು ಕಚ್ಚಿ ನೋಡಿ. ಸಾಸಿವೆಯಂತೆ ಖಾರ ಅಲ್ಲವೆ? ಬೀಜ ಜಜ್ಜಿದಾಗ ಉಂಟಾಗುವ ಬೆಂಜೈಲ್ ಐಸೊಥಯೋಸೈನೇಟ್ ಈ ಖಾರಕ್ಕೆ ಕಾರಣ. ಬೀಜದ ಪರಿಣಾಮಕ್ಕೆ ಕಾರಣವೆಂದು ಶಂಕಿಸಲಾದ ರಾಸಾಯನಿಕಗಳಲ್ಲಿ ಇದೂ ಒಂದು.

ಲೆಕ್ಕ ಮಾಡಿ ನೋಡಿ

ತಲಾ 50 ಗ್ರಾಂ ತೂಗುವ 100 ಮೀನುಗಳಿಗೆ ದೇಹತೂಕದ ಶೇಕಡಾ 3ರಷ್ಟು ಆಹಾರ ಕೊಟ್ಟರೆ ದಿನಕ್ಕೆ 150 ಗ್ರಾಂ. ಅದರಲ್ಲಿ ಶೇಕಡಾ 2ರಷ್ಟು ಬೀಜದ ಪುಡಿ ಇದ್ದರೆ 3 ಗ್ರಾಂ, ಅಂದರೆ ಸರಾಸರಿ ಮೀನೊಂದಕ್ಕೆ 30 ಮಿಲಿಗ್ರಾಂ. (ಇದು ಲೆಕ್ಕಕ್ಕಾಗಿ ಮಾತ್ರ, ಶಿಫಾರಸ್ಸಲ್ಲ.) ಆದರೆ ಬಲಿತ ಮೀನು ಹೆಚ್ಚು ತಿನ್ನುತ್ತದೆ, ಬಡಕಲು ಮೀನಿಗೆ ಸಿಗುವುದೇ ಕಡಿಮೆ. ಪ್ರಮಾಣ ಕಡಿಮೆಯಾದರೆ ಫಲವತ್ತತೆ ಉಳಿಯುತ್ತದೆ ಅಥವಾ ಮರಳಿ ಬರುತ್ತದೆ. ಅತಿಯಾದರೆ ಇತರ ಅಂಗಗಳಿಗೂ ಹಾನಿ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವಂತಿಲ್ಲ.

ನದಿಯನ್ನು ತುಂಬಲು ಫಲವತ್ತಾದ ಒಂದು ಜೋಡಿ ಸಾಕು. ಆದ್ದರಿಂದ ಬೀಜದ ಪುಡಿ ಹೊಂಡದ ಜನಸಂಖ್ಯೆಯನ್ನು ತಗ್ಗಿಸಬಹುದೇ ಹೊರತು ನದಿಗೆ ಕಾವಲಾಗದು. ಟಿಲಾಪಿಯಾ ಸಾಕಣೆಗೆ 2009ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯೂ ಗಂಡು ಮಾತ್ರ ಇರುವ ಅಥವಾ ಬಂಜೆಯಾದ ಮೀನನ್ನೇ ಬಯಸುತ್ತದೆ. ಕಾಟ್ಲಾ, ರೋಹುಗಳಾದರೋ ನಿಂತ ನೀರಿನ ಹೊಂಡದಲ್ಲಿ ಮರಿ ಮಾಡುವುದಿಲ್ಲ. ಅವುಗಳಿಗೆ ಬೆಳವಣಿಗೆಯ ಚಿಂತೆ ಮಾತ್ರ ಸಾಕು. ನದಿಯ ತವರಿನಲ್ಲಿ ಮೊದಲು ಆರಿಸಬೇಕಾದದ್ದು ಸರಿಯಾದ ಮೀನನ್ನು, ಆಮೇಲೆ ಗಿಡವನ್ನು.