ಎರಡು ಎಂಜಿನುಗಳ ವಿಮಾನದಲ್ಲಿ ಒಂದು ಎಂಜಿನು ನಿಂತಾಗ

ಎರಡು ಎಂಜಿನುಗಳುಳ್ಳ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದು ಕಾಯುವುದೆಂಬ ನಂಬಿಕೆಯು ಜನರಲ್ಲಿ ಸಹಜವಾದುದು. ದೊಡ್ಡ ಪ್ರಯಾಣಿಕ ವಿಮಾನಗಳ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಶಿಕ್ಷಣಕ್ಕೆ ಬಳಸುವ ಹಗುರ ವಿಮಾನವು ನೆಲವನ್ನು ಬಿಟ್ಟೇಳುವ ಕ್ಷಣಗಳಲ್ಲಿ ಈ ನಂಬಿಕೆಯೇ ಅಪಾಯಕ್ಕೆ ಮೂಲವಾಗಬಲ್ಲುದು.

ವಿಮಾನವು ಮೇಲೇರುವುದು ತನ್ನ ಸಮಗ್ರ ಶಕ್ತಿಯಿಂದಲ್ಲ. ಒಂದೇ ಮಟ್ಟದಲ್ಲಿ ಹಾರುವುದಕ್ಕೆ ವ್ಯಯವಾಗಿ ಉಳಿದ ಶಕ್ತಿಯಿಂದ. ಪೈಪರ್ ಸೆಮಿನೋಲ್ ಎಂಬ ಶಿಕ್ಷಣ ವಿಮಾನದಲ್ಲಿ 180 ಅಶ್ವಶಕ್ತಿಯ ಎರಡು ಎಂಜಿನುಗಳಿವೆ. ಒಟ್ಟು 360ರಲ್ಲಿ 150 ಮಟ್ಟದ ಹಾರಾಟಕ್ಕೆ ಸಲ್ಲುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಏರುವುದಕ್ಕೆ 210 ಉಳಿಯುವುದು. ಒಂದು ಎಂಜಿನು ನಿಂತರೆ ಉಳಿಯುವುದು 30 ಮಾತ್ರ. ಹೀಗೆ ಶಕ್ತಿಯು ಅರ್ಧವಾದಾಗ ಏರುವ ಸಾಮರ್ಥ್ಯವು ಏಳರಲ್ಲೊಂದು ಪಾಲಿಗೆ ಇಳಿಯುವುದು. ನಿಂತ ಎಂಜಿನಿನ ಪ್ರೊಪೆಲರು ಗಾಳಿಯ ಹೊಡೆತಕ್ಕೆ ತಿರುಗುತ್ತ ಒಡ್ಡುವ ತಡೆಯು ಈ ಅಲ್ಪಶೇಷವನ್ನೂ ನುಂಗಬಹುದು.

ಎರಡನೆಯ ತೊಡಕು ದಿಕ್ಕಿನದು. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ನಿಂತರೆ ಬಂಡಿಯು ಆ ಕಡೆಗೇ ತಿರುಗುವಂತೆ, ವಿಮಾನದ ಮೂತಿಯು ನಿಂತ ಎಂಜಿನಿನ ಕಡೆಗೆ ಹೊರಳುವುದು. ಇದನ್ನು ತಡೆಯುವುದು ಬಾಲದ ರಡ್ಡರು. ರಡ್ಡರಿನ ಬಲವು ಗಾಳಿಯ ವೇಗವನ್ನು ಅವಲಂಬಿಸಿದೆ. ಸೆಮಿನೋಲಿನ ವೇಗಮಾಪಕದಲ್ಲಿ 56 ನಾಟುಗಳಲ್ಲಿರುವ ಕೆಂಪು ಗೆರೆಯು ಈ ಹತೋಟಿಯ ಎಲ್ಲೆ. 88 ನಾಟುಗಳ ನೀಲಿ ಗೆರೆಯು ಒಂದೇ ಎಂಜಿನಿನಿಂದ ಅತಿ ಚೆನ್ನಾಗಿ ಏರಬಲ್ಲ ವೇಗ.

ನೆಲವು ಸಮೀಪಿಸುತ್ತಿರುವಾಗ ಮೂತಿಯನ್ನು ಮೇಲೆತ್ತಬೇಕೆಂಬುದು ಮನುಷ್ಯನ ಸಹಜ ಪ್ರವೃತ್ತಿ. ಎತ್ತಿದರೆ ವೇಗವು ಕುಂದುವುದು. ಕೆಂಪು ಗೆರೆಗಿಂತ ಕೆಳಗಿಳಿದರೆ, ಪೂರ್ಣಶಕ್ತಿಯಿಂದ ದುಡಿಯುತ್ತಿರುವ ಎಂಜಿನೇ ವಿಮಾನವನ್ನು ಮಗುಚಿಹಾಕುವುದು. ಕಾಪಾಡಬೇಕಾದುದೇ ಕೊಲ್ಲುವುದು.

ಆದುದರಿಂದ ಚಾಲಕನು ಮೊದಲು ದಿಕ್ಕನ್ನೂ ನೀಲಿ ಗೆರೆಯ ವೇಗವನ್ನೂ ಕಾಯ್ದುಕೊಳ್ಳಬೇಕು, ಚಕ್ರಗಳನ್ನು ಒಳಗೆಳೆಯಬೇಕು. ರಡ್ಡರನ್ನು ಒತ್ತುವ ಕೆಲಸವಿಲ್ಲದೆ ಸುಮ್ಮನಿರುವ ಕಾಲಿನ ಕಡೆಯದೇ ಕೆಟ್ಟ ಎಂಜಿನು. ಅದರ ಥ್ರಾಟಲನ್ನು ಹಿಂದಕ್ಕೆಳೆದು ಖಚಿತಪಡಿಸಿಕೊಂಡ ಬಳಿಕ, ಪ್ರೊಪೆಲರಿನ ಅಲಗುಗಳನ್ನು ಗಾಳಿಯ ಹಾದಿಗೆ ಅಂಚಾಗುವಂತೆ ತಿರುಗಿಸಿ ನಿಲ್ಲಿಸಬೇಕು. ಓಡುದಾರಿಯು ಮುಂದೆ ಸಾಕಷ್ಟು ಉಳಿದಿದ್ದರೆ ಎರಡೂ ಥ್ರಾಟಲುಗಳನ್ನು ಮುಚ್ಚಿ ಅಲ್ಲಿಯೇ ಇಳಿಯುವುದು ಮೇಲು. ವೇಗವು ನಿಲ್ಲದಿದ್ದರೂ ಅಷ್ಟೆ: ಹತೋಟಿ ತಪ್ಪಿ ಮಗುಚುವುದಕ್ಕಿಂತ, ಹತೋಟಿಯಲ್ಲಿಟ್ಟು ಎದುರಿನ ಬಯಲಿಗೆ ಇಳಿಸಿದರೆ ಬದುಕುವ ಸಂಭವ ಹೆಚ್ಚು.

ಇದೆಲ್ಲಕ್ಕೂ ದೊರೆಯುವ ಕಾಲವು ಕೆಲವೇ ಕ್ಷಣಗಳು. ಯಾವ ಘಟ್ಟದವರೆಗೆ ಇಳಿಯಬೇಕು, ಯಾವ ಘಟ್ಟದಿಂದ ಮುಂದೆ ಏರಬಹುದು ಎಂಬ ತೀರ್ಮಾನವು ವಿಮಾನವು ಹೊರಡುವ ಮೊದಲೇ ಆಗಿರಬೇಕು. ಎರಡನೆಯ ಎಂಜಿನು ಕೊಡುವುದು ಅಭಯವನ್ನಲ್ಲ, ಆಯ್ಕೆಯನ್ನು. ಆ ಆಯ್ಕೆಯನ್ನು ನೆಲದ ಮೇಲೆಯೇ ಮಾಡಿಕೊಂಡವನಿಗೆ ಮಾತ್ರ ಅದು ಒದಗುವುದು.